ಕುದುರೆಮರಿ ಕೊಟ್ಟ ಕಾಲು

"ಗುರುಗಳೇ, ಇನ್ನೊಬ್ಬರಿಗೆ ನಡತೆ ಕಲಿಸುವುದು ಹೇಗೆ?" ಎಂದು ಅಡಿವೆಪ್ಪ ಕೇಳಿದ.

ಮಠಕ್ಕೆ ಬಂದ ಹೊಸಬರಿಗೆ ಪಾಠ ಹೇಳುವ ಕೆಲಸ ಅವನದು. ಅವರಲ್ಲೊಬ್ಬ ಪಾಠದ ನಡುವೆ ಕೊಳಲು ನುಡಿಸಿದ್ದ. ಅಡಿವೆಪ್ಪ ಅದನ್ನು ಕಿತ್ತು ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದ. ಅಂದಿನಿಂದ ಆ ಶಿಷ್ಯ ಇವನನ್ನು ಕಂಡರೆ ದಾರಿ ಬದಲಿಸುತ್ತಿದ್ದ. ಈಗ ಮಠವನ್ನೇ ಬಿಟ್ಟು ಹೋಗುತ್ತಾನೆಂದು ಸುದ್ದಿ. ಅಡಿವೆಪ್ಪನಿಗೆ ಸಿಟ್ಟೂ ಇತ್ತು, ಒಳಗೊಳಗೇ ಅಳುಕೂ ಇತ್ತು.

"ಕೂತುಕೋ ಮಹಾರಾಯ, ನಿಂತೇ ಕೇಳುವ ಪ್ರಶ್ನೆಯಲ್ಲ ಅದು" ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಕುದುರೆಗಳ ಮೇಲೆ ಬಟ್ಟೆ ಹೇರಿಕೊಂಡು ಊರೂರು ತಿರುಗುತ್ತಿದ್ದ. ಅವನ ಒಳ್ಳೆಯ ಕುದುರೆಯೊಂದು ಮರಿ ಹಾಕಿತು. ಮರಿ ಚೆಂದವೇನೋ ಹೌದು, ಆದರೆ ಮುಂಗಾಲಿನ ಗೊರಸು ಒಂದು ಕಡೆಗೆ ಹೆಚ್ಚು ಬೆಳೆಯುತ್ತಿತ್ತು. ಆಗಾಗ ಹೆರೆದು ಸಮ ಮಾಡದಿದ್ದರೆ ಕಾಲೇ ಸೊಟ್ಟಗಾಗುತ್ತದೆ. ಮರಿಯೋ ಕಾಲು ಮುಟ್ಟಗೊಡದು. ಆಳುಗಳು ಒಮ್ಮೆ ಹಗ್ಗ ಹಾಕಿ ಕೆಡವಿ, ಎದೆಯ ಮೇಲೆ ಕೂತು ಹೆರೆದರು. ಭಾರೀ ಪರಾಕ್ರಮ! ಮರುದಿನದಿಂದ ಮರಿ ಹಗ್ಗ ಕಂಡರೆ ಒದೆಯತೊಡಗಿತು. ಒಬ್ಬ ಆಳಿನ ಎರಡು ಹಲ್ಲು ಹೋದವು.

ವ್ಯಾಪಾರಿ ಒಂದು ಛತ್ರದಲ್ಲಿ ಇಳಿದುಕೊಂಡ. ಮುಂದಿನದು ಕಲ್ಲುಗಳ ಘಟ್ಟದ ದಾರಿ. ಸೊಟ್ಟ ಗೊರಸಿನ ಮರಿ ಅದನ್ನು ಹತ್ತಲಾರದು. ಹುಣ್ಣಿಮೆಯೊಳಗೆ ಗೊರಸು ಸರಿಯಾಗದಿದ್ದರೆ ಮರಿಯನ್ನು ಅಲ್ಲೇ ಬಿಟ್ಟು, ತಾಯಿಯನ್ನು ಎಳೆದುಕೊಂಡು ಹೊರಡುವುದೆಂದು ಅವನು ತೀರ್ಮಾನಿಸಿದ. ಹೇಳುವಾಗ ಅವನು ಮರಿಯತ್ತ ನೋಡಲಿಲ್ಲ.

ಆ ಛತ್ರದಲ್ಲಿ ಕುದುರೆಗಳಿಗೆ ಹುಲ್ಲು ಹಾಕುವ ಒಬ್ಬ ಮುದುಕಿ ಇದ್ದಳು. ತಾನು ನೋಡಿಕೊಳ್ಳುತ್ತೇನೆ, ಹಗ್ಗ ಮಾತ್ರ ಯಾರೂ ತರಬೇಡಿ ಎಂದಳು. ಆಳುಗಳು ನಕ್ಕರು. ಹಲ್ಲಿಲ್ಲದವನೂ ನಕ್ಕ.

ಮೊದಲ ದಿನ ಅವಳು ಮರಿಯ ಹೆಗಲ ಮೇಲೆ ಕೈಯಿಟ್ಟು, ತೆಗೆದು, ಹೊರಟುಹೋದಳು. ಮರುದಿನ ಕೈ ಮೊಣಕಾಲಿನವರೆಗೆ ಇಳಿಯಿತು. ಐದನೆಯ ದಿನ ಕಾಲನ್ನು ಎತ್ತಿ, ಒಂದು ಉಸಿರಿನಷ್ಟು ಹೊತ್ತು ಹಿಡಿದು, ಕೆಳಗಿಟ್ಟಳು. ಆಮೇಲೆ ಎರಡು ಉಸಿರು. ಒಮ್ಮೆ ಮರಿ ಕಾಲು ಜಗ್ಗಿತು. ಅವಳು ಬಿಡಲೂ ಇಲ್ಲ, ಬಿಗಿ ಹಿಡಿಯಲೂ ಇಲ್ಲ. ಅದು ಎಳೆದತ್ತ ತಾನೂ ಹೆಜ್ಜೆ ಹಾಕಿದಳು. ಮರಿ ಸುಮ್ಮನಾಯಿತು. ಆ ಕ್ಷಣವೇ ಕಾಲನ್ನು ನೆಲಕ್ಕೆ ಮುಟ್ಟಿಸಿದಳು.

ಅದನ್ನು ನೋಡುತ್ತಿದ್ದ ವ್ಯಾಪಾರಿಗೆ ತಡೆಯಲಾಗಲಿಲ್ಲ. "ಕೈಗೆ ಸಿಕ್ಕ ಕಾಲನ್ನು ಬಿಟ್ಟುಬಿಟ್ಟೆಯಲ್ಲಮ್ಮ!" ಎಂದ.

"ಬಿಡಲಿಲ್ಲಪ್ಪ, ಹಿಂದಕ್ಕೆ ಕೊಟ್ಟೆ. ಅದರ ಕಾಲಲ್ಲವೇ?" ಎಂದಳು ಮುದುಕಿ.

ಹುಣ್ಣಿಮೆಯ ಹಿಂದಿನ ದಿನ ಲಾಳ ಕಟ್ಟುವವನು ಬಂದ. ಮುದುಕಿ ಎತ್ತಿಕೊಟ್ಟ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹೆರೆಯತೊಡಗಿದ. ಅರ್ಧ ಮುಗಿದಿರುವಾಗ ಬೆದರಿದ ಮರಿಯ ಕಿವಿಗಳು ಹಿಂದಕ್ಕೆ ಹೋದವು. ಕಾಲನ್ನು ಕೆಳಗಿಡು ಎಂದಳು ಮುದುಕಿ. ಅವನು ಹೌಹಾರಿದ. ಈಗ ಇಟ್ಟರೆ ಮತ್ತೆ ಸಿಗುವುದುಂಟೇ ಎಂದು ಆಳುಗಳು ಗದ್ದಲವೆಬ್ಬಿಸಿದರು. ವ್ಯಾಪಾರಿ ಮಾತ್ರ ತಾಯಿ ಕುದುರೆಯ ಮೋರೆ ನೋಡಿದ, ಮುದುಕಿಯ ಮೋರೆ ನೋಡಿದ. ಅವಳು ಹೇಳಿದಂತೆ ಮಾಡು ಎಂದ.

ಕಾಲು ನೆಲ ಮುಟ್ಟಿತು. ಮರಿಯನ್ನು ಯಾರೂ ಹಿಡಿದಿರಲಿಲ್ಲ, ಓಡಿಹೋಗಬಹುದಿತ್ತು. ಅದು ಮೈ ಕೊಡವಿತು, ಮುದುಕಿಯ ಸೆರಗು ಮೂಸಿತು. ಆಮೇಲೆ ಅದೇ ಕಾಲನ್ನು ತಾನಾಗಿಯೇ ಎತ್ತಿ, ಹಾಗೇ ನಿಂತಿತು.

ಲಾಳದವನು ಉಳಿದರ್ಧವನ್ನೂ ಹೆರೆದು ಮುಗಿಸಿದ. ಹಲ್ಲು ಕಳೆದುಕೊಂಡವನೇ ಮೊದಲು ಬಂದು ಮುದುಕಿಯ ಕಾಲು ಮುಟ್ಟಿದ. ಮರುದಿನ ಮರಿ ತಾಯಿಯ ಜೊತೆ ಘಟ್ಟ ಹತ್ತಿತು. ಅವಳನ್ನು ನೆನೆದಾಗಲೆಲ್ಲ ನನಗೂ ಕೈಮುಗಿಯಬೇಕು ಅನ್ನಿಸುತ್ತದೆ, ಅಡಿವೆಪ್ಪ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪನ ಕಣ್ಣು ತುಂಬಿತ್ತು. ಎಂಥ ಹೆಂಗಸು, ಎಂಥ ತಾಳ್ಮೆ ಎಂದು ಅವನು ಮತ್ತೆ ಮತ್ತೆ ಹೇಳಿದ.

ಗುರುಗಳು ಅವನನ್ನೇ ನೋಡಿ ಕೇಳಿದರು: "ಆ ಕೊಳಲು ನಿನ್ನ ಪೆಟ್ಟಿಗೆ ಸೇರಿ ಎಷ್ಟು ದಿನವಾಯಿತು?"

ಅಡಿವೆಪ್ಪ ಎದ್ದು ತನ್ನ ಪೆಟ್ಟಿಗೆಯ ಕಡೆಗೆ ನಡೆದ.