ಮಡಿಯ ಕೊಡ

"ಗುರುಗಳೇ, ನೆರೆಯ ದೇಶದವರು ನಮಗಿಂತ ಚೆನ್ನಾಗಿ ಬದುಕುತ್ತಾರೆ. ಅವರ ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ. ಅವರ ಮುದುಕರು ಕೋಲಿಲ್ಲದೆ ಓಡಾಡುತ್ತಾರೆ. ಅವರು ಉಣ್ಣುವುದೂ ಜೋಳ, ನಾವು ಉಣ್ಣುವುದೂ ಜೋಳ. ಮತ್ತೆ ಯಾಕೆ ಹೀಗೆ? ನಾನೂ ಅಲ್ಲಿಗೇ ಹೋಗಿಬಿಡಲೇ?"

ಕೇಳಿದವನು ಗಿರಿಮಲ್ಲ, ಮಠದ ಶಿಷ್ಯ. ಆಗಷ್ಟೇ ಬಾವಿಯಿಂದ ನೀರು ತಂದಿದ್ದ. ತನ್ನ ತಾಮ್ರದ ಕೊಡವನ್ನು ಉಳಿದ ಶಿಷ್ಯರ ಕೊಡಗಳಿಗೆ ತಾಗದಂತೆ ಮೂಲೆಯಲ್ಲಿಟ್ಟು, ಅದಕ್ಕೊಂದು ಒದ್ದೆ ಬಟ್ಟೆ ಮುಚ್ಚಿ ಬಂದು ಕುಳಿತಿದ್ದ.

"ಹೋಗುವವನನ್ನು ನಾನು ಹಿಡಿದು ನಿಲ್ಲಿಸುವುದಿಲ್ಲ. ಒಂದು ಕತೆ ಇದೆ, ಕೇಳಿಕೊಂಡು ಹೋಗು" ಎಂದರು ಗುರುಗಳು.

ಒಂದು ಬೆಟ್ಟದ ಎರಡು ಮಗ್ಗುಲಲ್ಲಿ ಎರಡು ದೇಶಗಳಿದ್ದವು. ಎರಡಕ್ಕೂ ಒಂದೇ ಮಳೆ, ಒಂದೇ ಬಣ್ಣದ ಮಣ್ಣು. ಆಚೆಯ ದೇಶದ ಮನೆಗಳಲ್ಲಿ ಮಕ್ಕಳ ಗಲಾಟೆ ಕೇಳುತ್ತಿತ್ತು. ಈಚೆಯ ದೇಶಕ್ಕೆ ಪ್ರತಿ ಮುಂಗಾರಿನಲ್ಲೂ ವಾಂತಿಭೇದಿ ಬರುತ್ತಿತ್ತು. ಬಂದದ್ದು ಬರಿಗೈಯಲ್ಲಿ ಹೋಗುತ್ತಿರಲಿಲ್ಲ.

ಈಚೆಯವರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಆಚೆಗೆ ಹೋಗಿಬರುವ ಒಬ್ಬ ವ್ಯಾಪಾರಿ ಇದ್ದ. ಅವನು ಸಂಜೆ ಕಟ್ಟೆಯ ಮೇಲೆ ಕುಳಿತು ಅಲ್ಲಿನ ಅರಮನೆ, ಅಲ್ಲಿನ ಪೇಟೆ, ಅಲ್ಲಿನ ರಸ್ತೆಗಳನ್ನು ಬಣ್ಣಿಸುತ್ತಿದ್ದ. ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಅವರ ಅರಸ ಒಳ್ಳೆಯವನು ಎಂದು ಒಬ್ಬ ಹೇಳಿದರೆ, ಅವರ ದೇವರು ಎಚ್ಚರವಾಗಿದ್ದಾನೆ ಎಂದು ಇನ್ನೊಬ್ಬ ಹೇಳುತ್ತಿದ್ದ. ನಮ್ಮ ಹಣೆಬರಹ ಇಷ್ಟೇ ಎಂದು ಎಲ್ಲರೂ ಒಪ್ಪಿ, ನೆಮ್ಮದಿಯಾಗಿ ಮನೆಗೆ ಹೋಗಿ ಮಲಗುತ್ತಿದ್ದರು. ನನಗೆ ಸಿಟ್ಟು ಬರುವುದು ಈ ನೆಮ್ಮದಿಯ ಮೇಲೆ.

ಈಚೆಯ ಒಂದು ಊರಿನಲ್ಲಿ ಒಬ್ಬ ರೈತನ ಹೆಂಡತಿ ಇದ್ದಳು. ಎರಡು ಮುಂಗಾರುಗಳಲ್ಲಿ ಅವಳ ಎರಡು ಮಕ್ಕಳು ಹೋಗಿದ್ದವು. ಮೂರನೆಯದು ಹೆಣ್ಣು ಕೂಸು, ಹಾಲು ಬಿಟ್ಟು ನಡೆಯಲು ಕಲಿತಿತ್ತು. ಇದೊಂದನ್ನು ಬಿಟ್ಟುಕೊಡುವುದಿಲ್ಲ ಎಂದು ಅವಳು ಹಟ ತೊಟ್ಟಳು. ಅವಳ ಅಕ್ಕನನ್ನು ಆಚೆಯ ದೇಶಕ್ಕೆ ಕೊಟ್ಟಿದ್ದರು. ಅಕ್ಕನ ಮಕ್ಕಳೆಲ್ಲ ಕಲ್ಲುಗುಂಡಿನ ಹಾಗಿದ್ದರು. ಅದು ಹೇಗೆ ಎಂದು ನೋಡಿಯೇ ಬರುತ್ತೇನೆಂದು, ಬೇಸಿಗೆಯಲ್ಲಿ ಕೂಸನ್ನು ಕಂಕುಳಿಗೇರಿಸಿ, ಕೊಡವನ್ನು ತಲೆಯ ಮೇಲಿಟ್ಟುಕೊಂಡು ಬೆಟ್ಟ ಹತ್ತಿ ಇಳಿದಳು.

ಕೊಡ ಯಾಕೆ ಎನ್ನುತ್ತೀಯಾ? ಈಚೆಯವರು ಎಲ್ಲಿಗೆ ಹೋದರೂ ತಮ್ಮ ಕೊಡ ಬಿಟ್ಟು ಹೋಗುತ್ತಿರಲಿಲ್ಲ. ಇನ್ನೊಬ್ಬರು ಮುಟ್ಟಿದ ಕೊಡದಲ್ಲಿ ನೀರು ಸೇದಿದರೆ ಅವರ ಮಡಿ ಕೆಡುತ್ತಿತ್ತು. ಊರಬಾವಿಗೆ ಪ್ರತಿ ಮನೆಯವರೂ ತಮ್ಮದೇ ಹಗ್ಗಕ್ಕೆ ತಮ್ಮದೇ ಕೊಡ ಕಟ್ಟಿ ಇಳಿಸುತ್ತಿದ್ದರು.

ಮರುದಿನ ಅವಳು ಅಕ್ಕನ ಜೊತೆ ಆ ಊರಿನ ಬಾವಿಗೆ ಕೊಡ ಇಳಿಸಲು ಹೋದಳು. ಅಲ್ಲಿದ್ದ ಹೆಂಗಸರೆಲ್ಲ ಕೂಗಿ ತಡೆದರು. ಅವಳಿಗೆ ಅವಮಾನವಾಗಿ ಕಣ್ಣು ತುಂಬಿತು.

"ನನ್ನ ಕೊಡ ಮೈಲಿಗಿ ಅಲ್ಲಕ್ಕ. ಯಾರಿಗೂ ಮುಟ್ಟಾಕ ಕೊಟ್ಟಿಲ್ಲ" ಎಂದಳು.

"ಯಾರೂ ಮುಟ್ಟಿಲ್ಲ, ಖರೆ. ರಾತ್ರಿ ಅದನ್ನ ಎಲ್ಲಿ ಇಟ್ಟಿದ್ದಿ?" ಎಂದಳು ಅಕ್ಕ.

ಕೊಟ್ಟಿಗೆಯ ಬಾಗಿಲಲ್ಲಿ ಇಟ್ಟಿದ್ದಳು. ತಿರುಗಿಸಿ ನೋಡಿದರೆ ತಳಕ್ಕೆ ಸಗಣಿ ಮೆತ್ತಿತ್ತು.

ಆ ಬಾವಿಯ ರಾಟೆಗೆ ಒಂದೇ ಕೊಡ ಕಟ್ಟಿತ್ತು. ಅದು ನೆಲಕ್ಕೆ ತಾಗುತ್ತಿರಲಿಲ್ಲ, ಯಾರ ಮನೆಗೂ ಹೋಗುತ್ತಿರಲಿಲ್ಲ. ನೀರಿಗೆ ಇಳಿಯುವುದು ಅದೊಂದೇ. ಎಲ್ಲರೂ ಅದರಲ್ಲೇ ಸೇದಿ ತಮ್ಮ ಕೊಡಗಳಿಗೆ ಸುರಿದುಕೊಳ್ಳುತ್ತಿದ್ದರು. ಅದಕ್ಕೆ ಊರಕೊಡ ಎಂದು ಹೆಸರು. ನಮ್ಮ ವ್ಯಾಪಾರಿ ಆ ನೀರನ್ನು ಎಷ್ಟೋ ಸಲ ಕುಡಿದಿದ್ದ. ಅವನಿಗೆ ಅರಮನೆ ಕಂಡಿತ್ತು, ಕೊಡ ಕಂಡಿರಲಿಲ್ಲ.

ಅಕ್ಕ ಇಲ್ಲೇ ಇದ್ದುಬಿಡು ಎಂದಳು. "ಇಲ್ಲೇ ಇದ್ರ ನನ್ನ ಕೂಸೊಂದು ಉಳೀತೈತಿ, ಊರಾಗಿನ ಕೂಸುಗಳು ಉಳಿಯಂಗಿಲ್ಲ" ಎಂದಳು ತಂಗಿ. ಆಮೇಲೆ ಬಹಳ ಹೊತ್ತು ಕೂಸನ್ನು ಅಪ್ಪಿಕೊಂಡು ಕುಳಿತಳು. ನಮ್ಮ ಬಾವಿಗೂ ಊರಕೊಡ ಬಂದ ಮೇಲೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿಯತನಕ ಇವಳು ನಿನ್ನ ಮಗಳು ಎಂದು ಕೂಸನ್ನು ಅಕ್ಕನ ಮಡಿಲಿಗೆ ಹಾಕಿದಳು. ಹಿಂದಿರುಗಿ ನೋಡಿದರೆ ಕಾಲು ಏಳುವುದಿಲ್ಲವೆಂದು ನೋಡದೆ ನಡೆದಳು.

ಊರಿಗೆ ಬಂದವಳು ಬಾವಿಗೆ ಒಂದು ಹೊಸ ಕೊಡ ಕಟ್ಟಿದಳು. ಯಾರೂ ಮುಟ್ಟಲಿಲ್ಲ. ಊರಗೌಡ ಬಂದು ಅದನ್ನು ಕಿತ್ತು ಪೊದೆಗೆ ಎಸೆದ.

"ಆ ದೇಶ ಅಷ್ಟು ಚಲೋ ಇದ್ರ ಅಲ್ಲೇ ಹೋಗಿ ಇರು. ಎಲ್ಲಾರ ಕೈ ಬಿದ್ದ ಕೊಡದಾಗ ನಾವು ನೀರು ಕುಡಿಯಂಗಿಲ್ಲ" ಎಂದ.

"ಎಲ್ಲಾರ ಕೊಡದ ತಳಾ ತೊಳದ ನೀರು ದಿನಾ ಕುಡಿಯಾಕತ್ತೀರಲ್ಲ, ಗೌಡ್ರ" ಎಂದಳು.

ಗೌಡ ಹಲ್ಲು ಕಡಿದು ಹೊರಟುಹೋದ. ಉತ್ತರ ಹೊಳೆಯದವನ ಸಿಟ್ಟು ದೊಡ್ಡದು. ಅವಳು ಕೊಡವನ್ನು ಹುಡುಕಿ ತಂದು ಮತ್ತೆ ಕಟ್ಟಿದಳು. ಗೌಡ ಮತ್ತೆ ಎಸೆದ. ಅವಳು ಮತ್ತೆ ಕಟ್ಟಿದಳು. ಕೊಡ ನೆಗ್ಗಿ ನೆಗ್ಗಿ ಆಕಾರಗೆಟ್ಟಿತು. ಊರು ನಕ್ಕಿತು. ಗಂಡ ತಲೆ ತಗ್ಗಿಸಿ ಓಡಾಡಿದ. ಅವಳು ಮಾತ್ರ ಬೆಳಗಾದರೆ ಹಗ್ಗ ಹಿಡಿದು ಬಾವಿಗೆ ಬರುತ್ತಿದ್ದಳು.

ಮುಂಗಾರು ಬಂತು, ಅದರ ಹಿಂದೆಯೇ ಬೇನೆಯೂ ಬಂತು. ಈ ಸಲ ಗೌಡನ ಒಬ್ಬನೇ ಮೊಮ್ಮಗನನ್ನು ಹಿಡಿಯಿತು. ಹುಡುಗ ಉಳಿಯಲಿಲ್ಲ.

ಮಣ್ಣು ಮಾಡಿದ ಮರುದಿನ ಅವಳು ಬಾವಿಗೆ ಬಂದಾಗ ಗೌಡ ಪೊದೆಯಲ್ಲಿ ಏನನ್ನೋ ಹುಡುಕುತ್ತಿದ್ದ. ನೆಗ್ಗಿದ ಕೊಡವನ್ನು ತಾನೇ ಎತ್ತಿಕೊಂಡು ಬಂದ, ತಾನೇ ತೊಳೆದ. ಹಗ್ಗ ಕಟ್ಟಲು ಹೋದರೆ ಗಂಟು ಬೀಳಲಿಲ್ಲ. ಅವಳು ಬಂದು ಗಂಟು ಹಾಕಿಕೊಟ್ಟಳು. ಬೈಯಬಹುದಿತ್ತು, ಬೈಯಲಿಲ್ಲ. ಅವಳಿಗೂ ಅಳು ಬಂದಿತ್ತು.

ಊರವರು ಸೇರಿ ಬಾವಿಯ ನೀರನ್ನೆಲ್ಲ ಎತ್ತಿ ಹೊರಗೆ ಚೆಲ್ಲಿದರು, ಹೂಳು ತೆಗೆದರು. ಗೌಡ ಮುಟ್ಟಿದ ಕೊಡವನ್ನು ಮೈಲಿಗೆ ಎನ್ನುವ ಧೈರ್ಯ ಯಾರಿಗಿತ್ತು? ಮೊದಮೊದಲು ಮೂಗು ಮುರಿಯುತ್ತಲೇ ಸೇದಿದರು, ಆಮೇಲೆ ರೂಢಿಯಾಯಿತು. ಮುಂದಿನ ಮುಂಗಾರಿನಲ್ಲಿ ಆ ಊರಿನಿಂದ ಒಂದು ಮಗುವೂ ಹೋಗಲಿಲ್ಲ.

ಆಗ ಅವಳು ಬೆಟ್ಟ ಹತ್ತಿದಳು. ಕೂಸಿಗೆ ತಾಯಿಯ ಗುರುತು ಸಿಗಲಿಲ್ಲ. ದೊಡ್ಡಮ್ಮನ ಸೆರಗು ಹಿಡಿದು ಚೀರಿತು. ಎತ್ತಿಕೊಂಡರೆ ಕಚ್ಚಿತು. ಅವಳು ಕಣ್ಣೊರೆಸಿಕೊಂಡು, ಅಳುವ ಮಗಳನ್ನು ಹೊತ್ತುಕೊಂಡೇ ಬೆಟ್ಟ ಇಳಿದು ತನ್ನ ಊರಿಗೆ ಬಂದಳು.

ಗುರುಗಳು ಕತೆ ನಿಲ್ಲಿಸಿದರು.

"ಎಂಥ ಗಟ್ಟಿಗಿತ್ತಿ!" ಎಂದ ಗಿರಿಮಲ್ಲ. "ಗುರುಗಳೇ, ಆ ಊರಕೊಡದ ದೇಶ ಎಲ್ಲಿದೆ ಹೇಳಿ. ಹೋಗುವುದಾದರೆ ನಾನು ಅಲ್ಲಿಗೇ ಹೋಗುತ್ತೇನೆ."

ಗುರುಗಳು ಮೂಲೆಯಲ್ಲಿದ್ದ ತಾಮ್ರದ ಕೊಡದ ಕಡೆಗೆ ನೋಡಿದರು. ಗಿರಿಮಲ್ಲನೂ ನೋಡಿದ.

"ಎಲ್ಲಿಗೆ ಬೇಕಾದರೂ ಹೋಗಪ್ಪಾ, ಅದನ್ನು ಹೊತ್ತುಕೊಂಡು ಹೋದರೆ ಈ ದೇಶವೂ ನಿನ್ನ ಜೊತೆಗೇ ಬರುತ್ತದೆ."