ಗ್ರಂಥಪಾಲಕಿಯ ಜಾಗ

"ಗುರುಗಳೇ, ಮನಸ್ಸಿಟ್ಟು ಮಾಡುವ ಕೆಲಸವೂ ಒಬ್ಬರನ್ನು ಮುರಿದು ಹಾಕಬಲ್ಲದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಕಡಲ ತೀರದ ಪಟ್ಟಣವೊಂದರಲ್ಲಿ ಒಂದು ವಿದ್ಯಾಪೀಠವಿತ್ತು. ಅಲ್ಲಿನ ಗ್ರಂಥಭಂಡಾರವನ್ನು ಒಬ್ಬ ಹೆಂಗಸು ನೋಡಿಕೊಳ್ಳುತ್ತಿದ್ದಳು. ಅವಳ ತಾಯಿ ಅದೇ ಊರಿನವಳು, ತಂದೆ ಕಡಲಾಚೆಯಿಂದ ಬಂದು ನೆಲೆಸಿದ ನಾವಿಕ. ಇಬ್ಬರ ನುಡಿಯನ್ನೂ ಅವಳು ಸರಾಗವಾಗಿ ಓದುತ್ತಿದ್ದಳು. ಬೆಳಿಗ್ಗೆ ವಿದ್ಯಾರ್ಥಿಗಳಿಗೆ ಗ್ರಂಥ ಹುಡುಕುವುದನ್ನು, ಹಳೆಯ ಬರಹ ಬಿಡಿಸಿ ಓದುವುದನ್ನು ಕಲಿಸುತ್ತಿದ್ದಳು. ಪಾಠ ಹೇಳಿದರೂ ಅವಳನ್ನು ಯಾರೂ ಉಪಾಧ್ಯಾಯಿನಿ ಎನ್ನುತ್ತಿರಲಿಲ್ಲ. ಉಳಿದ ಹೊತ್ತೆಲ್ಲ ಪಂಡಿತರು ಕೇಳಿದ್ದನ್ನು ತೆಗೆದುಕೊಡುವುದರಲ್ಲೇ ಕಳೆಯುತ್ತಿತ್ತು.

ಕಡಲಾಚೆಯ ವಿದ್ವಾಂಸರು ಹಡಗಿನಲ್ಲಿ ಬಂದಾಗ ಪಂಡಿತರು, "ಅವರು ನಿನ್ನ ಕಡೆಯವರಲ್ಲವೇ, ನೀನೇ ನೋಡಿಕೋ" ಎಂದು ಆ ಕೆಲಸವನ್ನೂ ಅವಳಿಗೇ ಒಪ್ಪಿಸುತ್ತಿದ್ದರು. ಬಂದವರು, "ನೀನು ಈ ನೆಲದವಳು, ಇಲ್ಲಿಯವರು ಹೀಗೇಕೆ ಎಂದು ಹೇಳು" ಎನ್ನುತ್ತಿದ್ದರು.

ಊಟದ ಹೊತ್ತಿಗೆ ಪಂಡಿತರ ಪಂಕ್ತಿ ಒಂದು ಕಡೆ, ಬಂದವರ ಪಂಕ್ತಿ ಇನ್ನೊಂದು ಕಡೆ. ಅವಳು ನಡುವೆ ನಿಂತು ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ತಿಳಿಸುತ್ತಿದ್ದಳು. ಎಲ್ಲರೂ ಎದ್ದುಹೋದ ಮೇಲೆ ಭಂಡಾರದಲ್ಲಿ ಒಬ್ಬಳೇ ಉಣ್ಣುತ್ತಿದ್ದಳು.

ವರ್ಷಗಳು ಹೋದವು. ಅವಳಿಗೆ ನಿದ್ದೆ ಹತ್ತದಾಯಿತು. ಪಾಠದ ನಡುವೆ ಗೊತ್ತಿದ್ದ ಪದವೇ ಮರೆತುಹೋಗತೊಡಗಿತು. ಅವಳು ಪೀಠದ ಹಿರಿಯರ ಬಳಿ ಹೋಗಿ, "ನನಗೆ ಸಾಕಾಗಿದೆ ಸ್ವಾಮಿ. ಪಾಠವನ್ನಾದರೂ ಬೇರೆಯವರಿಗೆ ಕೊಡಿ" ಎಂದಳು.

ಹಿರಿಯರು ನಕ್ಕು, "ಎರಡು ಕುಲದ ಬಲ ನಿನ್ನೊಬ್ಬಳಲ್ಲಿದೆಯಮ್ಮ. ನಿನ್ನಂಥವಳು ನಮಗೆ ಇನ್ನೆಲ್ಲಿ ಸಿಗಬೇಕು?" ಎಂದರು.

ಅವಳು ಮರಳಿ ಕೆಲಸಕ್ಕೆ ಹೋದಳು. ಒಂದು ಬೆಳಿಗ್ಗೆ ವಿದ್ಯಾರ್ಥಿಗಳ ಮುಂದೆ ಓಲೆ ಬಿಚ್ಚಿದವಳಿಗೆ ಒಂದಕ್ಷರವೂ ಓದಲಾಗಲಿಲ್ಲ. ತಾಯಿಯ ನುಡಿ ಬಾಯಿಗೆ ಬರಲಿಲ್ಲ, ತಂದೆಯ ನುಡಿಯೂ ಬರಲಿಲ್ಲ. ಓಲೆಯನ್ನು ಕಟ್ಟಿಟ್ಟು ಹೊರಗೆ ನಡೆದಳು. ಆಮೇಲೆ ಯಾರೊಡನೆಯೂ ಮಾತಾಡಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ತಾಯಿಯ ಮನೆಯಲ್ಲಿ ತೀರಿಕೊಂಡಳು.

ಪೀಠದಲ್ಲಿ ಸಭೆ ಸೇರಿತು. ಪಂಡಿತರೂ ಕಡಲಾಚೆಯವರೂ ಒಬ್ಬರಾದ ಮೇಲೆ ಒಬ್ಬರು ಎದ್ದು ಅವಳನ್ನು ಬಾಯ್ತುಂಬ ಹೊಗಳಿದರು.

ಶಿಷ್ಯ ಕೇಳಿದ: "ಅಷ್ಟು ಜನ ಮೆಚ್ಚಿದವಳಿಗೆ ಏನು ಕೊರತೆಯಾಗಿತ್ತು, ಗುರುಗಳೇ?"

"ಮೆಚ್ಚಿದವರಲ್ಲಿ ಒಬ್ಬರೂ ಅವಳಿಗೆ, ಬಾ, ನಮ್ಮ ಜೊತೆ ಕೂತುಕೋ ಎನ್ನಲಿಲ್ಲ" ಎಂದರು ಗುರುಗಳು.