ಹಗ್ಗ ಹಿಡಿದವನ ಮಾತ್ರೆ

“ಗುರುಗಳೇ, ದುಬಾರಿ ಮಾತ್ರೆಯ ಬದಲು ಮೊದಲು ಅಗ್ಗದ್ದನ್ನು ಕೊಟ್ಟು ನೋಡುವುದು ತಪ್ಪೇ?” ಎಂದು ಮಲ್ಲಿನಾಥ ಕೇಳಿದ. ಅವನು ಒಂದು ನೂಲಿನ ಗಿರಣಿಯ ವ್ಯವಸ್ಥಾಪಕ. ಕೆಲಸಗಾರರ ಔಷಧಿಯ ಖರ್ಚು ಗಿರಣಿಯದು. ಅದು ಕೈಮೀರುತ್ತಿದೆ, ತಗ್ಗಿಸು ಎಂದು ಮಾಲೀಕರು ಹೇಳಿದ್ದರು. “ಗುಣವಾಗದಿದ್ದರೆ ಬಂದು ಹೇಳಲಿ, ಆಗ ದುಬಾರಿಯದನ್ನೇ ಕೊಡುತ್ತೇವೆ. ನಾಳೆ ಆ ಆಜ್ಞೆಗೆ ನಾನು ಸಹಿ ಹಾಕಬೇಕು.”

“ಬಂದು ಹೇಳಲಿ! ಭಲೇ,” ಎಂದರು ಗುರುಗಳು. “ಕೂತ್ಕೋ. ಒಂದು ಕತೆ ಕೇಳು.”

ಒಬ್ಬ ವರ್ತಕ ಬಾವಿ ತೋಡಿಸುತ್ತಿದ್ದ. ಆಳುಗಳನ್ನು ಬುಟ್ಟಿಯಲ್ಲಿ ಕೂರಿಸಿ, ರಾಟೆಯ ಮೇಲೆ ಹಗ್ಗ ಬಿಟ್ಟು ಇಳಿಸುವವನು ಒಬ್ಬನೇ. ಅಂಥ ತೋಳು ಆ ಊರಲ್ಲಿ ಇನ್ನೊಬ್ಬನಿಗಿರಲಿಲ್ಲ. ಅವನಿಗೆ ಮೂರ್ಛೆರೋಗ. ವೈದ್ಯ ಹೇಳಿದ ಮಾತ್ರೆಯನ್ನು ದಿನವೂ ನುಂಗುತ್ತಿದ್ದ. ಅದನ್ನು ವರ್ತಕನೇ ತರಿಸಿಕೊಡುತ್ತಿದ್ದ. ಮೂರು ವರ್ಷದಿಂದ ರೋಗ ತಲೆ ಎತ್ತಿರಲಿಲ್ಲ.

ಆಳುಗಳ ಔಷಧಿಯ ಉಸ್ತುವಾರಿ ವರ್ತಕನ ಗುಮಾಸ್ತನದು. ಬಲು ಜಾಣ, ನಿನ್ನ ಹಾಗೆ. ವೈದ್ಯನನ್ನು ಒಂದು ಮಾತೂ ಕೇಳಲಿಲ್ಲ. ಖರ್ಚು ಉಳಿಸಲು ಹಗ್ಗದವನನ್ನು ಕರೆದು ಅಗ್ಗದ ಮಾತ್ರೆ ಕೈಗಿಟ್ಟ.

“ಅಯ್ಯೋ, ಬೇಡ ಸ್ವಾಮಿ. ಆ ಮಾತ್ರೆಯಿಂದಲೇ ನಾನು ನೆಟ್ಟಗೆ ನಿಂತಿರೋದು. ನನ್ನ ಕೈಯಲ್ಲಿ ಜನ ಇರ್ತಾರೆ. ಭಯ ಆಗುತ್ತೆ.”

“ಮೂರು ವರ್ಷ ಬಾರದ ರೋಗ ನಾಳೆಯೇ ಬರುತ್ತದೆಯೇನಯ್ಯ? ಬಂದರೆ ಬಂದು ಹೇಳು. ಹಳೆಯದನ್ನೇ ಕೊಡೋಣ.”

ಹನ್ನೊಂದು ದಿನ ಏನೂ ಆಗಲಿಲ್ಲ. ಗುಮಾಸ್ತ ಹಿಗ್ಗಿದ. ಆಳುಗಳು ಮಾತ್ರ ಬುಟ್ಟಿಗೆ ಕಾಲಿಡುವ ಮುನ್ನ ಹಗ್ಗದವನ ಮುಖ ನೋಡತೊಡಗಿದರು. ಅವನು ಅವರ ಮುಖ ನೋಡುತ್ತಿರಲಿಲ್ಲ.

ಹನ್ನೆರಡನೆಯ ದಿನ ವರ್ತಕ, “ತಳದಲ್ಲಿ ನೀರು ಸಿಕ್ಕಿತಂತೆ, ಇಳಿದು ನೋಡಿಕೊಂಡು ಬಾ” ಎಂದು ಗುಮಾಸ್ತನನ್ನು ಕಳಿಸಿದ. ಗುಮಾಸ್ತ ಬುಟ್ಟಿಯಲ್ಲಿ ಕೂತ. ಅರ್ಧ ದಾರಿಯಲ್ಲಿ ಹಗ್ಗ ನಡುಗಿತು. ತಲೆ ಎತ್ತಿದ. ಮೇಲೆ ಬೆಳಕು ಅಂಗೈಯಗಲ ಕಾಣುತ್ತಿತ್ತು. ಅವನಿಗೆ ಆಗ ಮಾತ್ರೆಯ ನೆನಪಾಯಿತು.

“ಏಯ್! ನೆಟ್ಟಗಿದ್ದೀಯೇನಯ್ಯ?” ಎಂದು ಕೂಗಿದ.

ಮತ್ತೆ ಕೂಗಿದ. ಹಗ್ಗ ಒಮ್ಮೆಲೇ ಸಡಿಲಾಯಿತು.

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು.

ಮಲ್ಲಿನಾಥನ ಕೈ ಜೇಬಿನಲ್ಲಿದ್ದ ಆಜ್ಞೆಯ ಕಾಗದವನ್ನು ಮುಟ್ಟಿ ನೋಡಿತು. “ಆಮೇಲೆ?” ಎಂದು ಅಳುಕುತ್ತಾ ಕೇಳಿದ.

“ಆಮೇಲೇನು, ಹಗ್ಗದವನು ಮೂರ್ಛೆ ತಿಳಿದೆದ್ದು, ನೀನು ಹೇಳುವ ಹಾಗೆಯೇ, ಗುಣವಾಗಲಿಲ್ಲ ಸ್ವಾಮಿ ಎಂದು ಹೇಳಲು ಬಂದ. ಆದರೆ ಕೇಳಬೇಕಾದವನು ಬಾವಿಯ ತಳದಲ್ಲಿದ್ದ.”